ಒಂದು ಅಣುವಿನಲ್ಲೇ ಡಯೋಡ್ ಆಗುತ್ತೆ ಅಂದ್ರೆ ಇನ್ನೂ ಸಿಲಿಕಾನ್ ಯಾಕೆ?

ಡಯೋಡ್‌ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಮೊನ್ನೆ ಗುರುವಾರ ಪಿಎನ್ ಜಂಕ್ಷನ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ನ ಪಾಠ ನಡೆಯುತ್ತಿತ್ತು. ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ್, ಫೋನ್ ಜಾಹೀರಾತಿನಲ್ಲಿ 3 ನ್ಯಾನೋಮೀಟರ್ ಚಿಪ್ ಅಂತಾರೆ, ಕೆಮಿಸ್ಟ್ರಿ ಮೇಡಂ ಬೆಂಜೀನ್ ಅಣು ಅರ್ಧ ನ್ಯಾನೋಮೀಟರ್ ಅಂತಾರೆ, ಹಾಗಿದ್ರೆ ಅಣುವಿನಲ್ಲೇ ಡಯೋಡ್ ಮಾಡಬಹುದಲ್ವಾ?’ ಅಂದಳು. ಸೋಮವಾರ ಹೇಳ್ತೀನಿ ಅಂತ ಜಾರಿಕೊಂಡೆ.

ಮನೆಗೆ ಬಂದು ಹುಡುಕಿದರೆ ತಲೆ ತಿರುಗಿತು. 1974ರಲ್ಲೇ ಅವಿರಾಮ್ ಮತ್ತು ರಾಟ್ನರ್ ಅನ್ನುವ ಇಬ್ಬರು ಒಂದೇ ಅಣುವಿನ ಡಯೋಡ್ ಬಗ್ಗೆ ಬರೆದಿದ್ದಾರೆ. 50 ವರ್ಷ ದಾಟಿತು. ನನ್ನ ಲ್ಯಾಬ್‌ನಲ್ಲಿ ಇನ್ನೂ 1ಎನ್4007 ಅನ್ನುವ ಮಾಮೂಲಿ ಸಿಲಿಕಾನ್ ಡಯೋಡ್‌ನ ಡಬ್ಬಿಗಳೇ ಇವೆ. ಈ ನಡುವೆ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ಅಣುಗಳಿಂದ ಕಂಪ್ಯೂಟರ್ ಮಾಡಿದರು ಅಂತ ಸುದ್ದಿ ಬೇರೆ. ಇದರಲ್ಲಿ ಯಾವುದು ನಿಜ, ಯಾವುದು ಬರೀ ಹೆಡ್‌ಲೈನ್? ಡಿಪ್ಲೊಮಾ ಮಕ್ಕಳಿಗೆ ಅರ್ಥವಾಗುವ ಹಾಗೆ ಯಾರಾದ್ರೂ ಬಿಡಿಸಿ ಹೇಳಿ. ಭಾನುವಾರ ರಾತ್ರಿಯೊಳಗೆ ಆದರೆ ಪುಣ್ಯ ಬರುತ್ತೆ.

ಮಂಡಕ್ಕಿ_ಮಿರ್ಚಿ:
ಮೊದಲು ಒಂದು ಸಣ್ಣ ವಿಷಯ ಸರ್. ಕ್ಲಾಸಿನಲ್ಲಿ ‘ಅಣು ಕಂಪ್ಯೂಟರ್’ ಅಂದ ಕೂಡಲೇ ಅರ್ಧ ಮಕ್ಕಳಿಗೆ ಕೈಗಾ ನೆನಪಾಗುತ್ತೆ. ಅಣುಸ್ಥಾವರ, ಅಣುಬಾಂಬು ಅಂತ ಹೇಳಿ ಹೇಳಿ ನಾವು ಅಣು ಮತ್ತು ಪರಮಾಣು ಎರಡನ್ನೂ ಒಂದೇ ಚೀಲಕ್ಕೆ ಹಾಕಿಟ್ಟಿದ್ದೀವಿ. ಇಲ್ಲಿ ಅಣು ಅಂದ್ರೆ ಮಾಲಿಕ್ಯೂಲ್ ಅಂತ ಬೋರ್ಡ್ ಮೇಲೆ ದೊಡ್ಡದಾಗಿ ಬರೆದು ಶುರು ಮಾಡಿ.

ಗಂಧಕದಕ್ಕ:
ಮೇಷ್ಟ್ರೇ, 1974ರದ್ದು ಸುಳ್ಳಲ್ಲ. ಆದರೆ ಅದು ಕಾಗದದ ಮೇಲಿನ ಲೆಕ್ಕ. ಆರಿಯೆ ಅವಿರಾಮ್ ಐಬಿಎಂನವರು, ಮಾರ್ಕ್ ರಾಟ್ನರ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗೈಡ್ ಆಗಿದ್ದವರು.

ನೀವು ಸಿಲಿಕಾನ್‌ಗೆ ಒಂದು ಕಡೆ ಫಾಸ್ಫರಸ್, ಇನ್ನೊಂದು ಕಡೆ ಬೋರಾನ್ ಬೆರೆಸುತ್ತಾರೆ ಅಂತ ಪಾಠ ಮಾಡ್ತೀರಲ್ಲ, ಅದೇ ಕೆಲಸವನ್ನು ಒಂದು ಅಣುವಿನೊಳಗೆ ಮುಗಿಸೋಣ ಅನ್ನೋದು ಅವರ ಯೋಚನೆ. ಒಂದು ತುದಿಯಲ್ಲಿ ಎಲೆಕ್ಟ್ರಾನನ್ನು ಸುಲಭವಾಗಿ ಕೊಟ್ಟುಬಿಡುವ ಗುಂಪು. ಅವರು ಆರಿಸಿದ್ದು ಟಿಟಿಎಫ್. ಇನ್ನೊಂದು ತುದಿಯಲ್ಲಿ ಎಲೆಕ್ಟ್ರಾನ್ ಸಿಕ್ಕರೆ ಸಾಕು ಅಂತ ಕಾಯುವ ಗುಂಪು, ಟಿಸಿಎನ್‌ಕ್ಯೂ. ನಡುವೆ ಇಬ್ಬರನ್ನೂ ಸ್ವಲ್ಪ ದೂರ ಇಡುವ ಸೇತುವೆ. ಈ ಸೇತುವೆ ಮುಖ್ಯ. ಅದಿಲ್ಲದಿದ್ದರೆ ಎರಡು ತುದಿಯ ಎಲೆಕ್ಟ್ರಾನ್‌ಗಳೂ ಇಡೀ ಅಣುವಿನಲ್ಲಿ ಹರಡಿಕೊಂಡು ಕೊಡುವವನು ಯಾರು, ತೆಗೆದುಕೊಳ್ಳುವವನು ಯಾರು ಅನ್ನೋದೇ ಅಳಿಸಿಹೋಗುತ್ತೆ. ಸೇತುವೆ ಇದ್ದರೆ ಕರೆಂಟ್ ಒಂದು ದಿಕ್ಕಿಗೆ ಸಲೀಸಾಗಿ ಹೋಗುತ್ತೆ, ಇನ್ನೊಂದು ದಿಕ್ಕಿಗೆ ಒದ್ದಾಡುತ್ತೆ.

ಲೆಕ್ಕ ಚೆನ್ನಾಗಿತ್ತು. ಆದರೆ ಆಗ ಒಂದು ಅಣುವನ್ನು ಮುಟ್ಟುವ ಉಪಕರಣವೇ ಇರಲಿಲ್ಲ. ಪರಮಾಣುಗಳನ್ನು ಒಂದೊಂದಾಗಿ ತೋರಿಸುವ ಎಸ್‌ಟಿಎಂ ಸೂಕ್ಷ್ಮದರ್ಶಕವನ್ನು ಬಿನ್ನಿಗ್ ಮತ್ತು ರೋರರ್ ಐಬಿಎಂನ ಜ್ಯೂರಿಕ್ ಲ್ಯಾಬ್‌ನಲ್ಲಿ ಮಾಡಿದ್ದು 1981ರಲ್ಲಿ.

ಫ್ಯಾಬ್‌ನಲ್ಲಿದ್ದವ:
ನಾನು ಹನ್ನೆರಡು ವರ್ಷ ಚಿಪ್ ಲೇಔಟ್ ಮಾಡಿದವನು. ಆ ಹುಡುಗಿಯ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ. 3 ನ್ಯಾನೋಮೀಟರ್ ಅನ್ನೋದು ಅಳತೆ ಅಲ್ಲ, ಹೆಸರು. ಮೈಸೂರು ಪಾಕ್‌ನಲ್ಲಿ ಮೈಸೂರು ಇರಲ್ಲ, ಅಷ್ಟೇ. ಒಂದು ಕಾಲದಲ್ಲಿ ಆ ಸಂಖ್ಯೆಗೂ ಗೇಟ್‌ನ (ಚಿಪ್‌ನ ಪುಟ್ಟ ಸ್ವಿಚ್ಚಾದ ಟ್ರಾನ್ಸಿಸ್ಟರನ್ನು ಹತ್ತಿಸಿ ಆರಿಸುವ ಭಾಗ) ಉದ್ದಕ್ಕೂ ಸಂಬಂಧ ಇತ್ತು. ಈಗ ಇಲ್ಲ. ‘3 ನ್ಯಾನೋಮೀಟರ್’ ಚಿಪ್‌ನಲ್ಲಿ ಒಂದು ಗೇಟ್‌ನಿಂದ ಪಕ್ಕದ ಗೇಟ್‌ಗೆ 45ರಿಂದ 50 ನ್ಯಾನೋಮೀಟರ್ ಇರುತ್ತೆ.

ಅಂದರೆ ಅಣುವಿಗೂ ಟ್ರಾನ್ಸಿಸ್ಟರ್‌ಗೂ ನಡುವೆ ಅವಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಅಂತರ ಇದೆ. ಹಾಗಾದರೆ ಅಣು ಇನ್ನೂ ಆಕರ್ಷಕ ಅನ್ನಿಸಬೇಕಲ್ವಾ? ಇಲ್ಲೇ ನನ್ನ ತಕರಾರು. ಚಿಪ್‌ನಲ್ಲಿ ಟ್ರಾನ್ಸಿಸ್ಟರ್ ಒಂದೇ ಇರಲ್ಲ, ಅದಕ್ಕೆ ಹೋಗುವ ತಂತಿಗಳೂ ಇರುತ್ತವೆ. ತಂತಿ ತೆಳ್ಳಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತೆ, ಸಿಗ್ನಲ್ ತಡವಾಗುತ್ತೆ. ನಾವು ಲೇಔಟ್ ಮಾಡುವಾಗ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಟ್ರಾನ್ಸಿಸ್ಟರ್‌ಗೆ ಅಲ್ಲ, ತಂತಿಗೆ. ತಂತಿ 15 ನ್ಯಾನೋಮೀಟರ್ ದಪ್ಪ ಇದೆ ಅಂದುಕೊಳ್ಳಿ, ಬೆಂಜೀನ್ ಅರ್ಧ ನ್ಯಾನೋಮೀಟರ್. ಮೂವತ್ತು ಪಟ್ಟು. ಅಣು ಒಂದು ರಾಗಿ ಕಾಳಾದರೆ ತಂತಿ ಒನಕೆ. ಎರಡು ಒನಕೆಗಳ ತುದಿಯ ನಡುವೆ ಒಂದೇ ಒಂದು ರಾಗಿ ಕಾಳು ಹಿಡಿದು ನಿಲ್ಲಿಸಿ ನೋಡೋಣ. ಅದೂ ನೂರಾರು ಕೋಟಿ ಕಡೆ, ಒಂದೂ ಬೀಳದ ಹಾಗೆ.

ಡಯೋಡ್‌ಮೇಷ್ಟ್ರು:
ರಾಗಿ ಕಾಳು, ಒನಕೆ ನಾಳೆ ಕ್ಲಾಸಿಗೆ ಬರುತ್ತೆ. ಧನ್ಯವಾದ ಸರ್. ಆದರೆ 1997ರಲ್ಲಿ ಒಂದು ಅಣುವಿನ ಕರೆಂಟ್ ಅಳೆದರು ಅಂತಲೂ ಓದಿದೆ. ಹಿಡಿಯೋಕೇ ಆಗದಿದ್ರೆ ಅಳೆದದ್ದು ಹೇಗೆ?

ಗಂಧಕದಕ್ಕ:
ಇದು ನನ್ನ ಏರಿಯಾ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಳ್ಳಿ.

ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ರೀಡ್ ಮತ್ತು ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ತಂಡದವರು ಮಾಡಿದ್ದು ಕೇಳಿದರೆ ನಗು ಬರುವಷ್ಟು ಸರಳ. ಬಾಗುವ ಪಟ್ಟಿಯ ಮೇಲೆ ತೆಳು ಚಿನ್ನದ ತಂತಿ ಅಂಟಿಸಿ, ನಡುವೆ ಸಣ್ಣ ಗಾಯ ಮಾಡುತ್ತಾರೆ. ಕೆಳಗಿನಿಂದ ಒಂದು ಕಡ್ಡಿ ಆ ಪಟ್ಟಿಯನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತೆ. ಪಟ್ಟಿ ಬಿಲ್ಲಿನ ಹಾಗೆ ಬಾಗುತ್ತೆ, ಚಿನ್ನ ಎಳೆದುಕೊಂಡು ತೆಳ್ಳಗಾಗಿ ಕೊನೆಗೆ ಪಟ್ ಅಂತ ಕಡಿಯುತ್ತೆ. ಕಡಿದ ಎರಡು ತುದಿಗಳ ನಡುವಿನ ಸಂದನ್ನು ಪರಮಾಣುವಿಗಿಂತ ಕಡಿಮೆ ಅಳತೆಯಲ್ಲಿ ಹಿಂದೆ ಮುಂದೆ ಮಾಡಬಹುದು, ಯಾಕಂದ್ರೆ ಕಡ್ಡಿ ಜಾಸ್ತಿ ಸರಿದರೂ ಸಂದು ಹೆಚ್ಚುವುದು ತೀರಾ ಚೂರು. ಸುತ್ತ ಬೆಂಜೀನ್ ಡೈಥಯೋಲ್ ದ್ರಾವಣ. ಆ ಅಣುವಿನ ಎರಡೂ ತುದಿಯಲ್ಲಿ ಗಂಧಕ ಇದೆ. ಗಂಧಕಕ್ಕೂ ಚಿನ್ನಕ್ಕೂ ಗಟ್ಟಿ ನಂಟು. (ನನ್ನ ಹೆಸರಿನ ಗುಟ್ಟು ಗೊತ್ತಾಯ್ತಲ್ಲ!) ತುದಿಗಳನ್ನು ಹತ್ತಿರ ತಂದಾಗ ಒಂದು ಅಣು ಎರಡೂ ಕಡೆ ಕೈ ಹಿಡಿದುಕೊಳ್ಳುತ್ತೆ. ಅವರಿಗೆ ಸಿಕ್ಕ ರೆಸಿಸ್ಟೆನ್ಸ್ ಸುಮಾರು 22 ಮೆಗಾಓಮ್.

ಆದರೆ ಸಿದ್ಧಾಂತದ ಲೆಕ್ಕ ಹಾಕಿದವರಿಗೆ ಕರೆಂಟ್ ನೂರಾರು ಪಟ್ಟು ಜಾಸ್ತಿ ಬಂತು. ಯಾರು ತಪ್ಪು ಅಂತ ವರ್ಷಗಟ್ಟಲೆ ಜಗಳ. ಒಂದೇ ಅಣು ಸಿಕ್ಕಿದೆಯಾ, ಎರಡು ಅಣು ತುದಿ ತಾಗಿಸಿಕೊಂಡು ನಿಂತಿವೆಯಾ, ಗಂಧಕ ಚಿನ್ನದ ಯಾವ ಪರಮಾಣುವಿನ ಮೇಲೆ ಕೂತಿದೆ, ಇದು ಯಾವುದೂ ಕಣ್ಣಿಗೆ ಕಾಣಲ್ಲ. ಕೂರುವ ಜಾಗ ಚೂರು ಬದಲಾದರೂ ಕರೆಂಟ್ ಬದಲಾಗುತ್ತೆ. 2003ರಲ್ಲಿ ಅರಿಜೋನಾದ ಎನ್‌.ಜೆ. ತಾವೊ ಮತ್ತು ಬಿಂಗ್‌ಕಿಯಾನ್ ಶೂ ಬೇರೆ ದಾರಿ ಹಿಡಿದರು. ಚಿನ್ನದ ಸೂಜಿಯನ್ನು ಚಿನ್ನದ ತಟ್ಟೆಗೆ ಒತ್ತಿ ಎಳೆಯೋದು, ಮತ್ತೆ ಒತ್ತಿ ಎಳೆಯೋದು, ಸಾವಿರಾರು ಸಲ. ಆಮೇಲೆ ಯಾವ ಬೆಲೆ ಜಾಸ್ತಿ ಸಲ ಬಂತು ಅಂತ ರಾಶಿ ಹಾಕಿ ನೋಡೋದು. ಈಗ ಈ ಕ್ಷೇತ್ರದಲ್ಲಿ ಎಲ್ಲರೂ ಹೆಚ್ಚು ಕಡಿಮೆ ಹೀಗೇ ಮಾಡ್ತಾರೆ.

ನಾನೂ ಪಿಎಚ್‌ಡಿಯಲ್ಲಿ ಇದನ್ನೇ ಮಾಡಿದ್ದು. ಹಗಲು ಹೊರಗೆ ಲಾರಿ ಹೋದರೆ ನನ್ನ ಗ್ರಾಫ್ ನಡುಗುತ್ತಿತ್ತು. ಅದಕ್ಕೇ ರಾತ್ರಿ ಎರಡು ಗಂಟೆಗೆ ಲ್ಯಾಬ್‌ಗೆ ಹೋಗಿ, ಲಿಫ್ಟ್ ಕೂಡ ಬಳಸದೆ ಮೆಟ್ಟಿಲು ಹತ್ತಿ, ಉಸಿರು ಬಿಗಿಹಿಡಿದು ಕೂರ್ತಿದ್ದೆ. ಒಂದು ಅಣು ಒಂದು ಸೆಕೆಂಡ್ ನಿಂತರೆ ಹಬ್ಬ.

ಫ್ಯಾಬ್‌ನಲ್ಲಿದ್ದವ:
ಅಕ್ಕಾ, ನೀವು ಹೇಳಿದ್ದು ನನ್ನ ಮಾತನ್ನೇ ಗಟ್ಟಿ ಮಾಡಿತು. ಸಾವಿರ ಸಲ ಎಳೆದು ಸರಾಸರಿ ತೆಗೆದರೆ ಪೇಪರ್ ಆಗುತ್ತೆ, ಪ್ರೊಸೆಸರ್ ಆಗಲ್ಲ.

ಗಂಧಕದಕ್ಕ:
ಪ್ರೊಸೆಸರ್ ಆಗಲ್ಲ, ಒಪ್ಪಿದೆ. ಆದರೆ ಆ ಪೇಪರ್‌ಗಳಿಂದ ಏನು ಗೊತ್ತಾಯ್ತು ಅಂತ ಹೇಳದಿದ್ದರೆ ಅನ್ಯಾಯ. 2006ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಲತಾ ವೆಂಕಟರಾಮನ್ ತಂಡ ಎರಡು ಬೆಂಜೀನ್ ಉಂಗುರ ಜೋಡಿಸಿದ ಅಣುಗಳನ್ನು ತೆಗೆದುಕೊಂಡಿತು. ಒಂದು ಅಣುವಿನಲ್ಲಿ ಎರಡೂ ಉಂಗುರ ಒಂದೇ ಮಟ್ಟಕ್ಕಿವೆ, ಇನ್ನೊಂದರಲ್ಲಿ ಸ್ವಲ್ಪ ತಿರುಚಿಕೊಂಡಿವೆ, ಮತ್ತೊಂದರಲ್ಲಿ ಇನ್ನೂ ಜಾಸ್ತಿ. ತಿರುಚು ಹೆಚ್ಚಿದಷ್ಟೂ ಕರೆಂಟ್ ಇಳಿಯಿತು, ಅದೂ ಆ ಕೋನದ ಕೊಸೈನ್ ವರ್ಗದ ಪ್ರಕಾರ, ಪುಸ್ತಕದಲ್ಲಿ ಹೇಳಿದ ಹಾಗೇ. ಅಣುವನ್ನು ತಿರುಗಿಸಿದರೆ ಕರೆಂಟ್ ತಿರುಗಿಸಿದ ಹಾಗೆ. ಪಿಯುಸಿಯಲ್ಲಿ ಬರೆದು ಮರೆತ ಪೈ ಆರ್ಬಿಟಲ್, ಅಂದ್ರೆ ಉಂಗುರದ ಮೇಲೆ ಕೆಳಗೆ ಹರಡಿದ ಎಲೆಕ್ಟ್ರಾನ್ ಮೋಡ, ಮೀಟರ್‌ನಲ್ಲಿ ಕಂಡಿತು. ಆ ಪೇಪರ್ ಓದಿದ ದಿನ ನಾನು ಈ ವಿಷಯಕ್ಕೆ ಬಿದ್ದೆ.

ಡಯೋಡ್ ವಿಷಯಕ್ಕೆ ಬಂದರೆ, ಅದೇ ವಿಶ್ವವಿದ್ಯಾಲಯದವರು 2015ರಲ್ಲಿ ಒಂದು ಅಣುವಿನ ಡಯೋಡ್‌ನಲ್ಲಿ ಒಂದು ದಿಕ್ಕಿಗೆ ಇನ್ನೊಂದಕ್ಕಿಂತ 200 ಪಟ್ಟು ಜಾಸ್ತಿ ಕರೆಂಟ್ ಹರಿಸಿದರು. ತಮಾಷೆ ಏನಂದ್ರೆ, ಅದಕ್ಕೆ ಕಾರಣ ಅಣುವಿನ ಎರಡು ತುದಿ ಬೇರೆ ಬೇರೆ ಆಗಿದ್ದದ್ದಲ್ಲ. ಸುತ್ತ ಅಯಾನುಗಳ ದ್ರಾವಣ ಇಟ್ಟು, ಒಂದು ಎಲೆಕ್ಟ್ರೋಡ್ ತೀರಾ ಚಿಕ್ಕದು, ಇನ್ನೊಂದು ದೊಡ್ಡದು ಮಾಡಿದ್ದರು.

ಡಯೋಡ್‌ಮೇಷ್ಟ್ರು:
200 ಪಟ್ಟಾ? ನಮ್ಮ 1ಎನ್4007 ಮುಂದಕ್ಕೆ 1 ಆಂಪಿಯರ್ ಬಿಡುತ್ತೆ, ಉಲ್ಟಾ ಹಾಕಿದರೆ ಡೇಟಾಶೀಟ್ ಪ್ರಕಾರ 5 ಮೈಕ್ರೋಆಂಪಿಯರ್ ಮೀರಲ್ಲ. ಎರಡು ಲಕ್ಷ ಪಟ್ಟು. ಎರಡು ರೂಪಾಯಿಗೆ ಸಿಗುತ್ತೆ.

ಗಂಧಕದಕ್ಕ:
ಎರಡು ರೂಪಾಯಿ ಡಯೋಡ್ ಜೊತೆ ಒಂದು ಅಣುವನ್ನು ಕುಸ್ತಿಗೆ ಬಿಡ್ತೀರಲ್ಲ ಮೇಷ್ಟ್ರೇ! ಎರಡರ ವೋಲ್ಟೇಜೂ ಬೇರೆ, ಹೋಲಿಕೆ ಸರಿಯಲ್ಲ. ಆದರೆ ಬೇಜಾರಾಗೋದು ನಿಜ.

ಅನುಮಾನಪ್ಪ:
ಎಲ್ಲರೂ ಒಳ್ಳೇ ಮಾತೇ ಆಡ್ತಿದ್ದೀರಿ. ಯಾರೂ ಶೋನ್ ಹೆಸರು ಎತ್ತಲಿಲ್ಲ. ಎತ್ತೋದು ನನ್ನ ಕರ್ಮ.

2001ರಲ್ಲಿ ಈ ವಿಷಯ ಎಷ್ಟು ಬಿಸಿ ಇತ್ತು ಅಂದ್ರೆ, ಅಣುಗಳ ಸರ್ಕ್ಯೂಟನ್ನು ಸೈನ್ಸ್ ಪತ್ರಿಕೆ ಆ ವರ್ಷದ ದೊಡ್ಡ ಸಾಧನೆ ಅಂತ ಆರಿಸಿತ್ತು. ಅದೇ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯಾನ್ ಹೆಂಡ್ರಿಕ್ ಶೋನ್ ಅನ್ನುವ ಜರ್ಮನ್ ಹುಡುಗ, ಒಂದು ಅಣುವಿನಷ್ಟು ತೆಳುವಾದ ಪದರದಲ್ಲಿ ಟ್ರಾನ್ಸಿಸ್ಟರ್ ಮಾಡಿದೆ ಅಂತ ಬರೆದ. ಕೊನೆಗೆ ಒಂದೇ ಅಣು ಕೆಲಸ ಮಾಡುವ ಟ್ರಾನ್ಸಿಸ್ಟರ್ ಅಂತಲೂ ಬರೆದ. ಟ್ರಾನ್ಸಿಸ್ಟರ್ ಹುಟ್ಟಿದ್ದೇ ಬೆಲ್ ಲ್ಯಾಬ್ಸ್‌ನಲ್ಲಿ, 1947ರಲ್ಲಿ. ಎಲ್ಲರೂ ನಂಬಿದರು. ಆ ವರ್ಷ ಸರಾಸರಿ ಎಂಟು ದಿನಕ್ಕೊಂದು ಪೇಪರ್. ಎಂಟು ದಿನಕ್ಕೊಂದು! ನಮ್ಮನೇಲಿ ಎಂಟು ದಿನಕ್ಕೊಂದು ಸಲ ಫ್ಯಾನ್ ಒರೆಸೋಕೆ ಆಗಲ್ಲ.

ಬೇರೆ ಲ್ಯಾಬ್‌ಗಳು ಮಾಡಿ ನೋಡಿದರೆ ಏನೂ ಬರ್ತಿಲ್ಲ. ನಮ್ಮ ಕೈಯಲ್ಲೇ ಏನೋ ಐಬು ಅಂತ ಸುಮ್ನಿದ್ದವರೇ ಜಾಸ್ತಿ. ಕೊನೆಗೆ ಪ್ರಿನ್ಸ್‌ಟನ್‌ನ ಲಿಡಿಯಾ ಸೋನ್ ಮತ್ತು ಕಾರ್ನೆಲ್‌ನ ಪಾಲ್ ಮೆಕ್ಯೂಯೆನ್ ಗಮನಿಸಿದ್ದು ಏನು ಗೊತ್ತಾ? ಬೇರೆ ಬೇರೆ ಪ್ರಯೋಗದ ಗ್ರಾಫ್‌ಗಳಲ್ಲಿ ನಾಯ್ಸ್ ಒಂದೇ ಥರ ಇತ್ತು. ನಾಯ್ಸ್ ಅಂದ್ರೆ ಯಾದೃಚ್ಛಿಕ ಅಲ್ವಾ, ಅದು ಎರಡು ಸಲ ಒಂದೇ ಥರ ಬರೋದು ಅಂದ್ರೆ ಇಬ್ಬರು ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಒಂದೇ ಕಾಗುಣಿತ ತಪ್ಪು ಒಂದೇ ಸಾಲಿನಲ್ಲಿ ಬಂದ ಹಾಗೆ. ಸ್ಟ್ಯಾನ್‌ಫರ್ಡ್‌ನ ಮಾಲ್ಕಮ್ ಬೀಸ್ಲಿ ಸಮಿತಿ ತನಿಖೆ ಮಾಡಿತು. 2002ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. 24 ಆರೋಪದಲ್ಲಿ 16 ಸಾಬೀತಾದವು. ಲ್ಯಾಬ್ ನೋಟ್‌ಬುಕ್ ತೋರಿಸಪ್ಪ ಅಂದರೆ ಸರಿಯಾಗಿ ಇಟ್ಟೇ ಇರಲಿಲ್ಲ. ಕಂಪ್ಯೂಟರ್‌ನಲ್ಲಿ ಇದ್ದ ಮೂಲ ದತ್ತಾಂಶ ಎಲ್ಲಿ ಅಂದರೆ, ಡಿಸ್ಕಲ್ಲಿ ಜಾಗ ಇರಲಿಲ್ಲ, ಅಳಿಸಿದೆ ಅಂದ. ಕೆಲಸ ಹೋಯ್ತು. ಆಮೇಲೆ ಡಾಕ್ಟರೇಟೂ ಹೋಯ್ತು.

ಈಗ ಹೇಳಿ, ಇಂಥ ಕ್ಷೇತ್ರ ನಂಬೋದು ಹೇಗೆ?

ಗಂಧಕದಕ್ಕ:
ಅನುಮಾನಪ್ಪನವರೇ, ಅವನು ಮಾಡಿದ್ದು ಮೋಸ. ಅದನ್ನು ಹಿಡಿದವರೂ ಇದೇ ಕ್ಷೇತ್ರದವರೇ. ಒಬ್ಬ ನೀರು ಬೆರೆಸಿದ ಅಂತ ಊರಿನ ಹಾಲೆಲ್ಲ ಚೆಲ್ಲೋಕಾಗಲ್ಲ. ರೀಡ್, ತಾವೊ, ಲತಾ ಅವರು ಮಾಡಿದ್ದನ್ನು ಬೇರೆ ಬೇರೆ ಊರಿನವರು ಮಾಡಿ ನೋಡಿದ್ದಾರೆ, ಬಂದಿದೆ.

ನನ್ನನ್ನು ಕೇಳಿದರೆ ಮೋಸಕ್ಕಿಂತ ಹೆಚ್ಚು ಕಲಿಸುವ ಕಥೆ ಇನ್ನೊಂದಿದೆ. ಅದರಲ್ಲಿ ಎಲ್ಲರೂ ಪ್ರಾಮಾಣಿಕರು, ಆದರೂ ಮೋಸ ಹೋದರು. ಎಚ್‌ಪಿ ಕಂಪನಿಯಲ್ಲಿ ಸ್ಟ್ಯಾನ್ ವಿಲಿಯಮ್ಸ್ ತಂಡ ಎರಡು ಲೋಹದ ತಂತಿಗಳ ನಡುವೆ ಅಣುಗಳ ಒಂದು ಪದರ ಇಟ್ಟು ಸ್ವಿಚ್ ಮಾಡ್ತಿತ್ತು. ಒಂದು ತಂತಿ ಪ್ಲಾಟಿನಂ, ಇನ್ನೊಂದರಲ್ಲಿ ಟೈಟಾನಿಯಂ. ಸ್ವಿಚ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಅಣು ಬದಲಾಯಿಸಿದರೂ ಸ್ವಿಚ್ ಹಾಗೇ ಕೆಲಸ ಮಾಡ್ತಾ ಇತ್ತು! ಬಿಚ್ಚಿ ನೋಡಿದರೆ ಕೆಲಸ ಮಾಡ್ತಿದ್ದದ್ದು ಅಣು ಅಲ್ಲ, ಟೈಟಾನಿಯಂ ಮೇಲೆ ಕೂತಿದ್ದ ಆಕ್ಸೈಡ್. ಒಂಥರಾ ತುಕ್ಕು ಅನ್ನಿ. ಬೇರೆಯವರಾಗಿದ್ದರೆ ಮುಚ್ಚಿಡ್ತಿದ್ದರು. ಅವರು ಅಣುವನ್ನು ಪಕ್ಕಕ್ಕಿಟ್ಟು ಆ ಆಕ್ಸೈಡನ್ನೇ ಹಿಡಿದರು. 2008ರಲ್ಲಿ ಮೆಮ್ರಿಸ್ಟರ್ (ಹಿಂದೆ ಹರಿದ ಕರೆಂಟನ್ನು ನೆನಪಿಟ್ಟುಕೊಳ್ಳುವ ರೆಸಿಸ್ಟರ್) ಅಂತ ಜಗತ್ತಿಗೆ ತೋರಿಸಿದ್ದು ಅದನ್ನೇ.

ಮಂಡಕ್ಕಿ_ಮಿರ್ಚಿ:
ಅಳಿಯ ಚೆನ್ನಾಗಿ ದುಡೀತಾನೆ ಅಂದುಕೊಂಡಿದ್ರು, ನೋಡಿದರೆ ಅಂಗಡಿ ನಡೆಸ್ತಿದ್ದದ್ದು ಮೂಲೆಯಲ್ಲಿ ಕೂತ ಗುಮಾಸ್ತ.

ಫ್ಯಾಬ್‌ನಲ್ಲಿದ್ದವ:
ಹಹಾ. ಎಚ್‌ಪಿಯವರದ್ದೇ ಇನ್ನೊಂದು ಕೆಲಸ ನನಗೆ ಇಷ್ಟ, ಅದು ಅಣುವಿನದ್ದಲ್ಲ, ಆದರೆ ಅಣುವಿನವರು ಓದಲೇಬೇಕಾದದ್ದು. ಟೆರಾಮ್ಯಾಕ್ ಅಂತ ಒಂದು ಯಂತ್ರ. ಬೇಕಂತಲೇ ಕೆಟ್ಟ ಚಿಪ್‌ಗಳನ್ನೂ ಹಾಕಿ ಕಟ್ಟಿದ್ದರು. ಒಳಗೆ ಸುಮಾರು 2,20,000 ದೋಷ. ಮಾಮೂಲಿ ಕಂಪ್ಯೂಟರ್‌ನಲ್ಲಿ ಅದರಲ್ಲಿ ಒಂದು ದೋಷ ಇದ್ದರೂ ಸಾಕು, ಕಥೆ ಮುಗೀತು. ಇದು ಮೊದಲು ತನ್ನೊಳಗೆ ಎಲ್ಲೆಲ್ಲಿ ಕೆಟ್ಟಿದೆ ಅಂತ ಪಟ್ಟಿ ಮಾಡಿಕೊಳ್ಳುತ್ತೆ, ಆಮೇಲೆ ಆ ಜಾಗ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತೆ. ಮಳೆಗಾಲದಲ್ಲಿ ನಮ್ಮೂರಿನ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ ಹಾಗೆ. 1998ರಲ್ಲಿ ಅದರ ಬಗ್ಗೆ ಬರೆದಾಗ ಅವರ ವಾದ ಇದೇ ಇತ್ತು: ರಸಾಯನಶಾಸ್ತ್ರದಿಂದ ಕಟ್ಟಿದ ಕಂಪ್ಯೂಟರ್ ಯಾವತ್ತೂ ಪೂರ್ತಿ ಸರಿ ಇರಲ್ಲ, ಕೆಟ್ಟದ್ದರ ಜೊತೆ ಬದುಕೋದನ್ನು ಕಲೀಬೇಕು.

2007ರಲ್ಲಿ ಜೇಮ್ಸ್ ಹೀತ್ ಮತ್ತು ಫ್ರೇಸರ್ ಸ್ಟೊಡಾರ್ಟ್ ತಂಡ 1,60,000 ಬಿಟ್‌ಗಳ ಅಣು ಮೆಮೊರಿ ಮಾಡಿತಲ್ಲ, ಅಲ್ಲೂ ಇದೇ ಕಥೆ. 400 ತಂತಿ ಹೀಗೆ, 400 ತಂತಿ ಹಾಗೆ, ಚಾಪೆ ನೇಯ್ದ ಹಾಗೆ. ಅಡ್ಡ ಬಂದ ಕಡೆಯೆಲ್ಲ ರೊಟಾಕ್ಸೇನ್ ಅಣುಗಳು, ಅಂದ್ರೆ ಕಡ್ಡಿಗೆ ಪೋಣಿಸಿದ ಉಂಗುರ ಅತ್ತಿತ್ತ ಜಾರುವಂಥವು. ಇಡೀ ಮೆಮೊರಿ ಒಂದು ಬಿಳಿ ರಕ್ತಕಣದ ಗಾತ್ರ. ಆದರೆ ಕೆಲಸ ಮಾಡದ ಬಿಟ್‌ಗಳು ಬೇಕಾದಷ್ಟಿದ್ದವು. ಕೆಲಸ ಮಾಡಿದವೂ ಕೆಲವೇ ಸಲ ಬರೆದು ಅಳಿಸುವಷ್ಟರಲ್ಲಿ ಸುಸ್ತಾದವು. ಮೆಮೊರಿ ಅಂದ ಮೇಲೆ ಕೋಟಿಗಟ್ಟಲೆ ಸಲ ಬರೀಬೇಕು ಸ್ವಾಮಿ.

ಕಡಲತಡಿ:
ನಾನು ಬಯೋಟೆಕ್. ಅಣುವಿಗೆ ತಂತಿ ಹಾಕೋಕೇ ಆಗಲ್ಲ ಅಂದ್ರೆ ತಂತಿಯೇ ಬೇಡ ಅಂತ ಯಾಕೆ ಯೋಚಿಸ್ತಿಲ್ಲ? 1994ರಲ್ಲಿ ಲಿಯೊನಾರ್ಡ್ ಆಡಲ್‌ಮನ್ ಅದನ್ನೇ ಮಾಡಿದ್ದು. ಏಳು ಊರು, ಕೆಲವು ಏಕಮುಖ ದಾರಿ. ಪ್ರತಿ ಊರಿಗೂ ಒಂದೇ ಸಲ ಹೋಗಿ ಕೊನೆ ಊರು ಮುಟ್ಟಬೇಕು. ಪ್ರತಿ ಊರಿಗೊಂದು, ಪ್ರತಿ ದಾರಿಗೊಂದು ಡಿಎನ್‌ಎ ತುಂಡು ಮಾಡಿ ಟೆಸ್ಟ್ ಟ್ಯೂಬ್‌ಗೆ ಹಾಕಿದರು. ತುಂಡುಗಳು ತಾವೇ ಜೋಡಿ ಹುಡುಕಿಕೊಂಡವು. ಸಾಧ್ಯ ಇರುವ ಎಲ್ಲ ದಾರಿಗಳೂ ಒಂದೇ ಸಲಕ್ಕೆ ತಯಾರು. ಆಮೇಲೆ ತಪ್ಪು ದಾರಿಗಳನ್ನು ಜರಡಿ ಹಿಡಿದು ತೆಗೆಯೋದಷ್ಟೇ ಕೆಲಸ. ಒಂದು ತಂತಿ ಇಲ್ಲ, ಒಂದು ಒನಕೆ ಇಲ್ಲ.

ಅನುಮಾನಪ್ಪ:
ಆ ಜರಡಿ ಹಿಡಿಯೋಕೆ ಎಷ್ಟು ಹೊತ್ತಾಯ್ತು ಅಂತಲೂ ಹೇಳಿ.

ಕಡಲತಡಿ:
ಲ್ಯಾಬ್‌ನಲ್ಲಿ ಒಂದು ವಾರ. ನಾವು ಪೆನ್ಸಿಲ್ ಹಿಡಿದು ಐದು ನಿಮಿಷದಲ್ಲಿ ಬಿಡಿಸ್ತೀವಿ, ಗೊತ್ತು. ಇನ್ನೂ ಕೆಟ್ಟದ್ದು ನಾನೇ ಹೇಳ್ತೀನಿ: ಯೂರಿಸ್ ಹಾರ್ಟ್‌ಮಾನಿಸ್ 1995ರಲ್ಲಿ ಲೆಕ್ಕ ಹಾಕಿದರು. ಇದೇ ವಿಧಾನದಲ್ಲಿ 200 ಊರಿನ ಲೆಕ್ಕ ಬಿಡಿಸಬೇಕಾದರೆ ಬೇಕಾಗುವ ಡಿಎನ್‌ಎ ಭೂಮಿಗಿಂತ ಭಾರ. ಅಲ್ಲಿಗೆ ಆ ದಾರಿ ಮುಚ್ಚಿತು ಅನ್ನಿ. ಆದರೆ 2011ರಲ್ಲಿ ಲುಲು ಚಿಯಾನ್ ಮತ್ತು ಎರಿಕ್ ವಿನ್‌ಫ್ರೀ 130 ಡಿಎನ್‌ಎ ಎಳೆಗಳಿಂದ ವರ್ಗಮೂಲ ತೆಗೆಯುವ ಸರ್ಕ್ಯೂಟ್ ಮಾಡಿದರು. ಉತ್ತರ ಬರೋಕೆ ಗಂಟೆಗಟ್ಟಲೆ ಕಾಯಬೇಕು. ನನಗನ್ನಿಸೋದು, ಇದನ್ನು ಲ್ಯಾಪ್‌ಟಾಪ್ ಜೊತೆ ಓಟಕ್ಕೆ ಬಿಡೋದೇ ತಪ್ಪು. ಜೀವಕೋಶದ ಒಳಗೆ ಕೂತು ‘ಇದಿದೆಯಾ, ಅದಿಲ್ವಾ, ಹಾಗಾದರೆ ಔಷಧ ಬಿಡು’ ಅಂತ ನಿರ್ಧರಿಸೋಕೆ ಗಿಗಾಹರ್ಟ್ಜ್ ಬೇಕಾಗಿಲ್ಲ.

ಡಯೋಡ್‌ಮೇಷ್ಟ್ರು:
ಇದೆಲ್ಲ ಓದ್ತಾ ಭಾನುವಾರದ ಊಟ ತಣ್ಣಗಾಯ್ತು, ಮನೆಯವರ ಮುಖ ಬಿಸಿಯಾಯ್ತು. ಐಐಎಸ್‌ಸಿ ವಿಷಯ ಯಾರೂ ಹೇಳಲಿಲ್ಲವಲ್ಲ?

ಗಂಧಕದಕ್ಕ:
ಹೇಳ್ತೀನಿ. ಸ್ಟ್ಯಾನ್ ವಿಲಿಯಮ್ಸ್ ಕಥೆ ಹೇಳಿದ್ದು ಸುಮ್ನೆ ಅಲ್ಲ. ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರದ ಶ್ರೀತೋಷ್ ಗೋಸ್ವಾಮಿ ತಂಡದ ಪೇಪರ್ 2024ರ ಸೆಪ್ಟೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅದರ ಲೇಖಕರಲ್ಲಿ ಅದೇ ವಿಲಿಯಮ್ಸ್ ಕೂಡ ಇದ್ದಾರೆ. ಅಣು ಬಿಟ್ಟು ತುಕ್ಕಿನ ಹಿಂದೆ ಹೋದವರು ತಿರುಗಿ ಅಣುವಿಗೆ ಬಂದರು ನೋಡಿ.

ಮೊದಲು ಹೆಡ್‌ಲೈನ್ ಸರಿ ಮಾಡೋಣ. ಇದು ಒಂದು ಅಣು, ಒಂದು ಟ್ರಾನ್ಸಿಸ್ಟರ್ ಅಲ್ಲವೇ ಅಲ್ಲ. ರುಥೇನಿಯಂ ಲೋಹದ ಸುತ್ತ ಸಾವಯವ ಗುಂಪುಗಳು ಕೂತಿರುವ ಒಂದು ಅಣು. ಅಂಥ ಅಣುಗಳ ತೆಳು ಪದರವನ್ನು ಎರಡು ಎಲೆಕ್ಟ್ರೋಡ್‌ಗಳ ನಡುವೆ ಇಟ್ಟಿದ್ದಾರೆ. ಒಂದೊಂದು ಜಾಗದಲ್ಲೂ ಅಣುಗಳ ಜಾತ್ರೆಯೇ ಇದೆ. ಅಣುವನ್ನು ಒಂಟಿಯಾಗಿ ಹಿಡಿಯುವ ಹಟವನ್ನೇ ಅವರು ಬಿಟ್ಟರು. ನನ್ನ ಪ್ರಕಾರ ಇಡೀ ಕ್ಷೇತ್ರಕ್ಕೆ ಇದೇ ಸರಿಯಾದ ತಿರುವು, ಒಂಟಿ ಅಣು ಹಿಡಿದು ರಾತ್ರಿ ಕಳೆದವಳಾಗಿ ಹೇಳ್ತಿದ್ದೀನಿ. ಅಣುವಿನ ದೊಡ್ಡ ಗುಣ ಚಿಕ್ಕದಾಗಿರೋದು ಅಂತ ನಾವು 50 ವರ್ಷ ಅಂದುಕೊಂಡಿದ್ವಿ. ಅದರ ದೊಡ್ಡ ಗುಣ ಬೇರೆ. ಒಂದು ಅಣುವನ್ನು ಎಷ್ಟು ಸಲ ಮಾಡಿದರೂ ಅದು ಅದೇ ಅಣು, ಮತ್ತು ಅದರ ಸ್ವಭಾವವನ್ನು ರಸಾಯನಶಾಸ್ತ್ರಜ್ಞರು ಬೇಕಾದ ಹಾಗೆ ತಿದ್ದಬಹುದು.

ಸಿಲಿಕಾನ್ ಸ್ವಿಚ್‌ಗೆ ಎರಡೇ ಸ್ಥಿತಿ, ಹತ್ತಿದೆ ಅಥವಾ ಆರಿದೆ. ಇವರ ಸಾಧನದಲ್ಲಿ ಸುಮಾರು 16,500 ಮಟ್ಟಗಳು. ಲೈಟ್ ಸ್ವಿಚ್ ಅಲ್ಲ, ಫ್ಯಾನ್ ರೆಗ್ಯುಲೇಟರ್, ಅದರಲ್ಲಿ 16,500 ಮೆಟ್ಟಿಲು. 14 ಬಿಟ್ ಒಂದೇ ಜಾಗದಲ್ಲಿ.

ಮೇಷ್ಟ್ರೇ, ನಿಮ್ಮ ಕ್ಲಾಸಿಗೆ ಬೇಕಾದದ್ದು ಈಗ ಬರ್ತಿದೆ. ಅಡ್ಡ 64, ಉದ್ದ 64 ತಂತಿ. ಪ್ರತಿ ಕೂಡುವ ಜಾಗದಲ್ಲೂ ಈ ರೆಗ್ಯುಲೇಟರ್. ಅಡ್ಡ ತಂತಿಗಳಿಗೆ ವೋಲ್ಟೇಜ್ ಕೊಡಿ. ಪ್ರತಿ ಜಾಗದಲ್ಲೂ ಕರೆಂಟ್ ಎಷ್ಟು? ವೋಲ್ಟೇಜ್ ಗುಣಿಲೆ ಕಂಡಕ್ಟೆನ್ಸ್ (ರೆಸಿಸ್ಟೆನ್ಸ್‌ನ ತಲೆಕೆಳಗು). ಉದ್ದ ತಂತಿಯ ಕೆಳಗೆ ಆ ಎಲ್ಲ ಕರೆಂಟ್‌ಗಳೂ ಕೂಡಿಕೊಂಡು ಬರುತ್ತವೆ. ಅಂದರೆ ಗುಣಾಕಾರ ಮಾಡಿದ್ದು ಓಮ್ ನಿಯಮ, ಕೂಡಿದ್ದು ಕಿರ್ಚಾಫ್ ನಿಯಮ. ಇಡೀ ಮ್ಯಾಟ್ರಿಕ್ಸ್ ಗುಣಾಕಾರ ಒಂದೇ ಏಟಿಗೆ. ಎಐಗೆ ಬೇಕಾದ ಲೆಕ್ಕದಲ್ಲಿ ಬಹುಪಾಲು ಇದೇ. ಮೆಮೊರಿಯಿಂದ ಪ್ರೊಸೆಸರ್‌ಗೆ, ಅಲ್ಲಿಂದ ಮತ್ತೆ ಮೆಮೊರಿಗೆ ದತ್ತಾಂಶ ಹೊತ್ತು ತಿರುಗೋದು ತಪ್ಪುತ್ತೆ, ಅದರಲ್ಲೇ ಹೆಚ್ಚು ಶಕ್ತಿ ಪೋಲಾಗೋದು. ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಿಂದ ‘ಸೃಷ್ಟಿಯ ಕಂಬಗಳು’ ಅನ್ನುವ ಅನಿಲ, ಧೂಳಿನ ಮೋಡದ ಚಿತ್ರವನ್ನು ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಮರುಸೃಷ್ಟಿ ಮಾಡಿ ತೋರಿಸಿದರು.

ಡಯೋಡ್‌ಮೇಷ್ಟ್ರು:
ಓಮ್ ಮತ್ತು ಕಿರ್ಚಾಫ್! ಇದನ್ನು ಮೊದಲನೇ ಸೆಮ್‌ನಲ್ಲೇ ಮಾಡಿರ್ತೀವಿ. ‘ಸರ್ ಇದು ಯಾವುದಕ್ಕೆ ಬರುತ್ತೆ’ ಅಂತ ಪ್ರತಿ ವರ್ಷ ಕೇಳ್ತಾರೆ. ಇನ್ನು ಉತ್ತರ ಇದೆ.

ಫ್ಯಾಬ್‌ನಲ್ಲಿದ್ದವ:
ಒಂದು ಮಾತು ಸೇರಿಸಿ. ಆ ಜಾತ್ರೆಯನ್ನು ನಿಯಂತ್ರಿಸುವ ಸುತ್ತಲಿನ ಸರ್ಕ್ಯೂಟ್ ಎಲ್ಲ ಸಿಲಿಕಾನ್ನೇ. ಅಣು ಬಂದು ಸಿಲಿಕಾನನ್ನು ಮನೆಯಿಂದ ಓಡಿಸ್ತಿಲ್ಲ, ಅದರ ಮಹಡಿಯ ಮೇಲೆ ಬಾಡಿಗೆಗೆ ಬರ್ತಿದೆ. ಹೀಗಾದರೆ ನನಗೂ ತಕರಾರಿಲ್ಲ.

ದೂರದೂರು:
ತಡವಾಗಿ ಬಂದೆ, ಕ್ಷಮಿಸಿ. ಎಲ್ಲರೂ ಕಾರ್ಬನ್ ನ್ಯಾನೋಟ್ಯೂಬ್ ಮರೆತಿರಿ, ಕಾರ್ಬನ್ ಪರಮಾಣುಗಳ ಹಾಳೆ ಸುತ್ತಿದ ಹಾಗಿರುವ ಪುಟ್ಟ ಕೊಳವೆ. ಅದೂ ಲೆಕ್ಕಕ್ಕೆ ಒಂದು ಅಣುವೇ, ಸ್ವಲ್ಪ ಉದ್ದ ಅಷ್ಟೇ. 2019ರಲ್ಲಿ ಎಂಐಟಿಯವರು 14,000ಕ್ಕೂ ಹೆಚ್ಚು ನ್ಯಾನೋಟ್ಯೂಬ್ ಟ್ರಾನ್ಸಿಸ್ಟರ್ ಇರುವ 16 ಬಿಟ್ ಪ್ರೊಸೆಸರ್ ಮಾಡಿದ್ದಾರೆ. ಅದು ಪ್ರೋಗ್ರಾಂ ಓಡಿಸಿ ‘ಹಲೋ ವರ್ಲ್ಡ್’ ಅಂತ ಬರೆದೂ ಆಯ್ತು.

ಗಂಧಕದಕ್ಕ:
ನ್ಯಾನೋಟ್ಯೂಬನ್ನು ಅಣು ಅಂದರೆ ವಜ್ರದ ಹರಳೂ ಒಂದು ಅಣುವೇ. ನನ್ನ ಬೆಂಜೀನ್‌ನಲ್ಲಿ ಪ್ರತಿ ಪರಮಾಣುವಿನ ಲೆಕ್ಕ ಇದೆ. ನಿಮ್ಮ ನ್ಯಾನೋಟ್ಯೂಬ್‌ಗಳಲ್ಲಿ ಒಂದರ ಉದ್ದ ಇನ್ನೊಂದಕ್ಕಿಲ್ಲ, ಕೆಲವು ಅರೆವಾಹಕ, ಕೆಲವು ಲೋಹದ ಥರ.

ದೂರದೂರು:
ಲೋಹದ ಥರ ಇರೋವು ಬಂದು ಸೇರಿಕೊಳ್ಳೋದೇ ದೊಡ್ಡ ತಲೆನೋವಾಗಿತ್ತು. ಎಂಐಟಿಯವರು ಅದನ್ನು ಪೂರ್ತಿ ತೆಗೆಯೋ ಬದಲು, ಅದು ಇದ್ದರೂ ತೊಂದರೆ ಆಗದ ಹಾಗೆ ಸರ್ಕ್ಯೂಟ್ ವಿನ್ಯಾಸ ಬದಲಿಸಿದರು. ಮೇಲೆ ಟೆರಾಮ್ಯಾಕ್ ಬಗ್ಗೆ ಹೇಳಿದಿರಲ್ಲ, ಅದೇ ಬುದ್ಧಿ. ಅಣು ಹೌದೋ ಅಲ್ಲವೋ ಅಂತ ಹೆಸರಿಗೆ ಜಗಳ ಆಡೋದು ಬೇಡ ಮೇಡಂ. ಪ್ರೋಗ್ರಾಂ ಓಡಿತಲ್ಲ.

ಡಯೋಡ್‌ಮೇಷ್ಟ್ರು:
ಸೋಮವಾರದ ವರದಿ. ಮನೆಯಿಂದ ಒನಕೆ ತರೋಕೆ ಆಗಲಿಲ್ಲ, ವರ್ಕ್‌ಶಾಪ್‌ನಿಂದ ಎರಡು ಕಬ್ಬಿಣದ ಸರಳು ತಂದೆ. ಕ್ಲಾಸಿನಲ್ಲಿ ಎಲ್ಲರಿಗೂ ಸರಳುಗಳ ನಡುವೆ ರಾಗಿ ಕಾಳು ನಿಲ್ಲಿಸೋಕೆ ಹೇಳಿದೆ. ಇಡೀ ಕ್ಲಾಸಿನಲ್ಲಿ ಇಬ್ಬರಿಗೆ ಆಯ್ತು, ಅದೂ ಬೆವರಿನ ಅಂಟಿನಿಂದ. ಅದೇ ಗಂಧಕ ಅಂದೆ! ಶೋನ್ ಕಥೆ ಹೇಳುವಾಗ ಒಂದು ಮೊಬೈಲೂ ಹೊರಗೆ ಬರಲಿಲ್ಲ. ಕಿರ್ಚಾಫ್ ಹೇಳಿದಾಗ ಕೆಲವರು ಹಳೇ ನೋಟ್ಸ್ ತಿರುಗಿಸಿ ನೋಡಿದರು, ಇದು ನನ್ನ ಸರ್ವೀಸಿನಲ್ಲೇ ಮೊದಲು.

ಆದರೆ ಆ ಹುಡುಗಿ ಬಿಡಲಿಲ್ಲ. ‘ಸರ್, ತಂತಿ ದಪ್ಪ ಅನ್ನೋದೇ ತೊಂದರೆ ಆದರೆ ತಂತಿಯನ್ನೂ ಅಣುವಿನಲ್ಲೇ ಮಾಡಿ’ ಅಂದಳು. ಮತ್ತೆ ಗುರುವಾರಕ್ಕೆ ಜಾರಿಕೊಂಡಿದ್ದೀನಿ.

ಗಂಧಕದಕ್ಕ:
ಸರಿಯಾದ ಪ್ರಶ್ನೆ ಕೇಳಿದ್ದಾಳೆ. ತೊಂದರೆ ಏನಂದ್ರೆ, ಚಿಕ್ಕ ಅಣುವಿನಲ್ಲಿ ಎಲೆಕ್ಟ್ರಾನ್ ತಾಮ್ರದ ತಂತಿಯಲ್ಲಿ ಹರಿದ ಹಾಗೆ ಹರಿಯಲ್ಲ, ಸುರಂಗ ಕೊರೆದ ಹಾಗೆ ದಾಟುತ್ತೆ. ತಾಮ್ರದ ತಂತಿ ಎರಡರಷ್ಟು ಉದ್ದ ಆದರೆ ರೆಸಿಸ್ಟೆನ್ಸ್ ಎರಡರಷ್ಟು. ಕಾರ್ಬನ್‌ಗಳು ಒಂಟಿ ಬಂಧದಿಂದ ಸಾಲಾಗಿ ಕೂತ ಆಲ್ಕೇನ್ ಸರಪಳಿಯಲ್ಲಿ ಒಂದೊಂದು ಕಾರ್ಬನ್ ಸೇರಿದ ಹಾಗೂ ಕರೆಂಟ್ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ನಾಲ್ಕು ಕಾರ್ಬನ್ ಸೇರಿಸಿ, ಐವತ್ತು ಪಟ್ಟು ಮೇಲೆ ಹೋಯ್ತು. ಬೆಂಜೀನ್ ಥರದ ಉಂಗುರಗಳ ಸಾಲಾದರೆ ಇಳಿತ ಕಡಿಮೆ, ಆದರೂ ಇಳಿಯುತ್ತೆ. ತುಂಬ ದೂರ ಚೆನ್ನಾಗಿ ಒಯ್ಯೋದು ನ್ಯಾನೋಟ್ಯೂಬ್, ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಪಟ್ಟಿ ಅಂಥವು. ದೂರದೂರು ಅವರಿಗೆ ಅಷ್ಟು ಮಟ್ಟಿಗೆ ಸೋತೆ.

ಮಂಡಕ್ಕಿ_ಮಿರ್ಚಿ:
ಮೇಷ್ಟ್ರೇ, ಆ ಹುಡುಗಿಗೆ ಇಂಟರ್ನಲ್ಸ್‌ನಲ್ಲಿ ಪೂರ್ತಿ ಮಾರ್ಕ್ಸ್ ಹಾಕಿಬಿಡಿ.

ಡಯೋಡ್‌ಮೇಷ್ಟ್ರು:
ಹಾಕೋಣ ಅಂತಲೇ ಇದ್ದೆ. ಇವತ್ತು ಲ್ಯಾಬ್ ರೆಕಾರ್ಡ್ ಎಲ್ಲಮ್ಮ ಅಂದರೆ ತಂದಿಲ್ಲ ಸರ್ ಅಂದಳು. ಶೋನ್ ಕಥೆ ಹೇಳಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.